ನೂರು ಎಣಿಸಿ ಕಡ್ಡಿ ಗೀರಿ

ನಮ್ಮ ದೊಡ್ಡಪ್ಪ ಕಸಕ್ಕೆ ಕೊಡುವ ಮರ್ಯಾದೆಯಲ್ಲಿ ಕಾಲುಭಾಗವನ್ನು ನೆಂಟರಿಗೆ ಕೊಟ್ಟಿದ್ದರೆ ನನಗೆ ಯಾವತ್ತೋ ಮದುವೆಯಾಗಿರುತ್ತಿತ್ತು. ಇದು ನನ್ನ ದೂರಲ್ಲ, ದೊಡ್ಡಮ್ಮನ ದೂರು. ಮನೆಗೆ ಬಂದ ಬೀಗರು ಜಗುಲಿಯಲ್ಲಿ ಕೂತು ಕಾಫಿ ಆರಿಸಿಕೊಂಡು ಕುಡಿದು ಎದ್ದುಹೋದರೂ ದೊಡ್ಡಪ್ಪನಿಗೆ ಗೊತ್ತಾಗುವುದಿಲ್ಲ. ಬಾಳೆಹಣ್ಣಿನ ಸಿಪ್ಪೆ ಮಾತ್ರ ತಟ್ಟೆಯಿಂದ ನೆಲಕ್ಕೆ ಬೀಳುವ ಮುಂಚೆ ಅವರ ಕೈ ಅಲ್ಲಿರುತ್ತದೆ!

ನಮ್ಮ ಮನೆಯಲ್ಲಿ ಈಳಿಗೆಮಣೆಗೆ ದಿನಕ್ಕೆ ಎರಡು ಪಾಳಿ. ಮೊದಲನೆಯದು ದೊಡ್ಡಮ್ಮನದು, ಅಡುಗೆಗೆ. ಅವರು ಎದ್ದ ಮೇಲೆ ಎರಡನೆಯದು ದೊಡ್ಡಪ್ಪನದು, ಕಸಕ್ಕೆ. ಬದನೆಕಾಯಿಯ ತೊಟ್ಟು, ಹುರುಳಿಕಾಯಿಯ ನಾರು, ಸೋರೆಕಾಯಿಯ ತಿರುಳು ಎಲ್ಲವನ್ನೂ ಉಗುರಿನಷ್ಟು ಸಣ್ಣಗೆ ಹೆಚ್ಚುತ್ತಾರೆ. ಅದನ್ನು ತೂತು ಕೊರೆದ ಡ್ರಮ್ಮಿಗೆ ಹಾಕಿ, ನೀರು ಚಿಮುಕಿಸಿ, ಮೂರು ದಿನಕ್ಕೊಮ್ಮೆ ಮೇಲೆ ಕೆಳಗೆ ಮಾಡಿ ಗಾಳಿಯಾಡಿಸುತ್ತಾರೆ. ಒಂದೂವರೆ ತಿಂಗಳು ಹೀಗೆ ಉಪಚಾರ ಮಾಡಿದ ಮೇಲೆಯೇ ಅದಕ್ಕೆ ಮಣ್ಣು ಸೇರುವ ಯೋಗ. ಅವರೆಕಾಯಿ ಕಾಲದಲ್ಲಂತೂ ಕೇಳಲೇಬೇಡಿ. ದೊಡ್ಡಮ್ಮ ಒಬ್ಬರೇ ಕೂತು ಬೆರಳು ನೋಯುವಂತೆ ಬೇಳೆ ಹಿತಕುತ್ತಿರುತ್ತಾರೆ. ದೊಡ್ಡಪ್ಪ ಎದುರಿಗೆ ಕೂತು ಜಾರಿದ ಸಿಪ್ಪೆಯನ್ನು ಮಾತ್ರ ಆರಿಸಿಕೊಳ್ಳುತ್ತಾರೆ.

"ಮೂವತ್ತು ವರ್ಷದಲ್ಲಿ ನಂಗೊಂದು ಈರುಳ್ಳಿ ಎಚ್ಚಿಕೊಟ್ಟೋರಲ್ಲ ಕಣಮ್ಮ ಈಯಪ್ಪ. ಈಗ ನೋಡು, ಸಿಪ್ಪೆ ಸೇವೆ!" ಎಂದು ದೊಡ್ಡಮ್ಮ ನನ್ನನ್ನು ನೋಡುತ್ತಾರೆ.

ನಾನು ತಲೆ ತಗ್ಗಿಸುತ್ತೇನೆ. ಯಾಕೆಂದರೆ, ಇದಕ್ಕೆಲ್ಲ ಕಾರಣ ನಾನೇ.

ಆಗ ನಾನು ಬೊಮ್ಮಸಂದ್ರದ ಒಂದು ಔಷಧಿ ಕಾರ್ಖಾನೆಯಲ್ಲಿ ಕೊಳಕು ನೀರು ಶುದ್ಧ ಮಾಡುವ ವಿಭಾಗದಲ್ಲಿ ಕೆಮಿಸ್ಟ್ ಆಗಿದ್ದೆ. ಕೆಲಸಕ್ಕೆ ಹತ್ತಿರವೆಂದು ಚಂದಾಪುರದ ಈಚೆಗಿರುವ ದೊಡ್ಡಪ್ಪನ ಮನೆಯಲ್ಲಿ ವಾಸ. ಸ್ವಭಾವದಲ್ಲಿ ನಾನು ಸ್ವಲ್ಪ ಅಂಜುಬುರುಕಿ. ಬೀಗ ಹಾಕಿ ಬಸ್‌ಸ್ಟಾಪಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು, ಎಳೆದು ನೋಡಿ, ಮತ್ತೆ ಹೋಗುವಾಗ ಬಸ್ಸು ಹೋಗಿರುವ ಜಾತಿ. ಇಂಥವಳನ್ನು ಕಂಪನಿಯವರು ಎರಡು ದಿನದ ತರಬೇತಿಗೆ ಕಳಿಸಿದರು. ವಿಷಯ, ನೆಲದಲ್ಲಿ ಹೂತ ಮನೆಕಸದಿಂದ ಹುಟ್ಟುವ ಗ್ಯಾಸು. ಕಲಿತದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರಬೇಕಿತ್ತು. ಆದರೆ ಅವತ್ತು ಊಟಕ್ಕೆ ಕೂತಾಗ, ಹೊಸದಾಗಿ ಕಲಿತವರಿಗೆ ಇರುವ ಚಪಲದಲ್ಲಿ ಶುರುಮಾಡಿದೆ.

"ದೊಡ್ಡಪ್ಪ, ಹಸಿ ಕಸಾನ ಹಂಗೇ ಹೂತ್ಬಿಟ್ರೆ ಒಳಗೆ ಗಾಳಿ ಸಿಗಲ್ಲ ಅಲ್ವಾ? ಆಗ ಅದು ಕೊಳೀತಾ ಕೊಳೀತಾ ಮೀಥೇನ್ ಅನ್ನೋ ಗ್ಯಾಸ್ ಬಿಡುತ್ತೆ. ಉರಿಯೋ ಗ್ಯಾಸು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಳೆ ಬಿದ್ದು ಮೇಲಿನ ಮಣ್ಣು ಕಚ್ಕೊಂಡ್ರೆ ಪಕ್ಕಕ್ಕೆ ಹರಿದು ಎಲ್ಲಿ ಬಿರುಕಿದೆಯೋ ಅಲ್ಲಿ ಮೇಲೆ ಬರುತ್ತೆ. ಮುಚ್ಚಿದ ರೂಮಲ್ಲಿ ತುಂಬ್ಕೊಂಡ್ರೆ ಒಂದು ಕಿಡಿ ಸಾಕು!"

ದೊಡ್ಡಪ್ಪನ ಕೈಯಲ್ಲಿದ್ದ ಮುದ್ದೆಯ ತುತ್ತು ಬಸ್ಸಾರಿನಲ್ಲೇ ನಿಂತಿತು.

"ಎಷ್ಟು ವರ್ಷ ಬಿಡ್ತದೆ ಮಗ?"

"ಹತ್ತು ಹದಿನೈದು ವರ್ಷ ಬಿಟ್ರೂ ಬಿಡಬಹುದು. ಮೊದ್ಲೇ ಸಣ್ಣಗೆ ಕತ್ತರಿಸಿ, ಗಾಳಿಯಾಡಿಸಿ, ಒಂದಷ್ಟು ದಿನ ನೆಲದ ಮೇಲೇ ಕೊಳೆಸಿ ಆಮೇಲೆ ಹೂತಿದ್ರೆ ಇಷ್ಟೊಂದು ಬರಲ್ಲ."

ಹೇಳಿ ಮುಗಿಸಿದ ಮೇಲೆ ನಾನೂ ತಟ್ಟೆ ಬಿಟ್ಟು ಹಿತ್ತಿಲ ಕಡೆ ನೋಡಿದೆ. ಏಕೆಂದರೆ ನಮ್ಮ ಮನೆಯ ಹಿಂದೆ ಏನಿದೆ ಎಂದು ಆಗ ನೆನಪಾಯಿತು.

ಅಲ್ಲಿ ಹಿಂದೆ ಬಂಡೆ ಒಡೆದು ಬಿಟ್ಟ ದೊಡ್ಡ ಹಳ್ಳವೊಂದಿತ್ತು. ಹೊಸೂರು ರಸ್ತೆಯ ಮೇಲೆ ಫ್ಲೈಓವರ್ ಏಳುತ್ತಿದ್ದ ವರ್ಷಗಳಲ್ಲಿ ಸುತ್ತ ಅಪಾರ್ಟ್‌ಮೆಂಟುಗಳೂ ಎದ್ದವು. ಅವರ ಕಸಕ್ಕೆ ಜಾಗ ಬೇಕಿತ್ತು, ದೊಡ್ಡಪ್ಪನಿಗೆ ಹಳ್ಳ ತುಂಬಬೇಕಿತ್ತು. "ಸುರೀರಪ್ಪ, ಧಾರಾಳವಾಗಿ ಸುರೀರಿ" ಎಂದರು. ಟ್ರ್ಯಾಕ್ಟರುಗಳು ಬಂದೇ ಬಂದವು. ಯಾರು ಯಾರದೋ ಮನೆಯ ಹಳಸಿದ ಅನ್ನ, ಬಾಡಿದ ಹೂವು, ಹುಟ್ಟುಹಬ್ಬದ ಅರ್ಧ ಕೇಕು ಎಲ್ಲ ಆ ಹಳ್ಳ ಸೇರಿತು. ತುಂಬಿದ ಮೇಲೆ ಕೆಂಪು ಮಣ್ಣು ಹೊದಿಸಿ, ಜೆಸಿಬಿ ಓಡಿಸಿ ಮಟ್ಟಮಾಡಿ, ಪಕ್ಕದಲ್ಲಿ ಸಾಲಾಗಿ ಆರು ಶೀಟಿನ ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟರು. ಐದು ಕೋಣೆಗಳು ಗಟ್ಟಿ ಬಂಡೆಯ ಮೇಲೆ ಕೂತಿವೆ. ಆರನೆಯದು ಮಾತ್ರ ಅರ್ಧ ಬಂಡೆಯ ಮೇಲೆ, ಅರ್ಧ ಹಳ್ಳದ ಮೇಲೆ. ಅದರಲ್ಲಿ ಕೊಪ್ಪಳದ ಕಡೆಯ ಬಸಮ್ಮ ಮತ್ತು ಅವಳ ಗಂಡ ಇದ್ದರು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಬಸಮ್ಮ ಬಸುರಿ. ಬೆಳಿಗ್ಗೆ ಸಂಜೆ ಅದೇ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚುತ್ತಿದ್ದಳು.

"ಬಸಮ್ಮನ ರೂಮ್ ಮೂಲೇಲಿ ಒಂದು ಬಿರುಕು ಬಿಟ್ಟದೆ" ಎಂದು ದೊಡ್ಡಪ್ಪ ಮೆಲ್ಲಗೆ ಹೇಳಿ, ಕೈ ತೊಳೆದು ಎದ್ದರು.

ದೊಡ್ಡಮ್ಮ ಮಾತ್ರ ನಕ್ಕರು. "ಒಣಗಿದ ಕಸಕ್ಕೇ ಕಡ್ಡಿ ಗೀರಿದ್ರೆ ಅತ್ಕೊಳ್ಳಲ್ಲ, ಮಳೇಲಿ ನೆಂದ ಕಸ ಎದ್ದು ಬಂದು ಉರೀತದಾ? ಸುಮ್ನೆ ಉಣ್ರಿ" ಎಂದರು. ನಿಜಕ್ಕೂ ಗ್ಯಾಸು ಬರುತ್ತಿದೆಯೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಬರಬಹುದು, ಬರದೆಯೂ ಇರಬಹುದು. ಈ 'ಬಹುದು' ಎಷ್ಟು ಹಿಂಸೆ ಎನ್ನುವುದು ನನ್ನಂಥ ಅಂಜುಬುರುಕರಿಗೇ ಗೊತ್ತು.

ಮರುದಿನ ಬೆಳಿಗ್ಗೆಯೇ ದೊಡ್ಡಪ್ಪ ಬೀಡಿ ಬಿಟ್ಟರು. ನಲವತ್ತು ವರ್ಷ ಸೇದಿದ ಬೀಡಿ! ದೊಡ್ಡಮ್ಮ ತಮ್ಮ ಸೋಮವಾರದ ಉಪವಾಸ ಫಲಿಸಿತೆಂದು ಶಿವನ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದರು. ಕಾಯಿಯ ಚಿಪ್ಪನ್ನು ದೊಡ್ಡಪ್ಪ ಇಸಿದುಕೊಂಡರು. ಕಸಕ್ಕೆಂದು ಅವತ್ತೇ ಡ್ರಮ್ಮುಗಳು ಬಂದಿದ್ದವು, ಇದು ಗಟ್ಟಿ ಕಸದ ಬೇರೆ ಡ್ರಮ್ಮಿಗೆ.

ಆಮೇಲೆ ಅವರು ಆರನೇ ಕೋಣೆಗೆ ಒಂದು ಕಾನೂನು ಮಾಡಿದರು. ಕಡ್ಡಿ ಗೀರುವ ಮುಂಚೆ ಬಾಗಿಲು, ಕಿಟಕಿ ಎರಡನ್ನೂ ತೆಗೆಯಬೇಕು. ತೆಗೆದು ಹೊರಗೆ ನಿಂತು ನೂರರವರೆಗೆ ಎಣಿಸಬೇಕು. ಆಮೇಲೆ ಒಳಗೆ ಹೋಗಿ ಸ್ಟೌ ಹಚ್ಚಬೇಕು.

"ಇದೇನ್ರೀ ಯಜಮಾನ್ರ, ನಿಮ್ ಕಡೆ ಪದ್ಧತಿ ಏನು?" ಎಂದು ಬಸಮ್ಮ ಕೇಳಿದಳು.

ದೊಡ್ಡಪ್ಪ ಮೂಲೆಯ ಬಿರುಕಿನ ಕಡೆ ನೋಡಿದರು. ನಿಜ ಹೇಳಿದರೆ ಅವಳು ಹೆದರಿ ಎಲ್ಲಿಗೆ ಹೋಗಬೇಕು? "ಊಂ ಕಣಮ್ಮ. ಬಸುರಿ ಎಂಗಸ್ರು ಇರೋ ಮನೇಲಿ ಇಂಗೇ ಮಾಡೋದು" ಎಂದುಬಿಟ್ಟರು.

"ಛಲೋ ಪದ್ಧತಿ ಬಿಡ್ರಿ" ಎಂದು ಅವಳು ಶ್ರದ್ಧೆಯಿಂದ ಪಾಲಿಸಿದಳು. ಅಷ್ಟೇ ಆಗಿದ್ದರೆ ಸರಿ. ಐದನೇ ಕೋಣೆಯಲ್ಲಿ ಮಕ್ಕಳಿಲ್ಲದ ಒಬ್ಬಾಕೆಯಿದ್ದಳು. ಇದರಲ್ಲಿ ಏನೋ ಇದೆ ಎಂದು ಅವಳೂ ಎಣಿಸತೊಡಗಿದಳು. ನಾಲ್ಕನೆಯವಳು ತನಗೇಕೆ ಕಡಿಮೆಯೆಂದು ನೂರೆಂಟು ಎಣಿಸಿದಳು. ಹದಿನೈದು ದಿನದಲ್ಲಿ ಸಂಜೆ ಆರು ಗಂಟೆಗೆ ಆರೂ ಕೋಣೆಗಳ ಬಾಗಿಲು ತೆರೆದು, ಆರು ಹೆಂಗಸರು ಹೊರಗೆ ನಿಂತು ಗಟ್ಟಿಯಾಗಿ ಎಣಿಸುವುದು ಶುರುವಾಯಿತು. ಶಿಫ್ಟು ಮುಗಿಸಿ ಬರುವವರು ಇದ್ಯಾವ ಶಾಲೆಯೆಂದು ಗಾಡಿ ನಿಲ್ಲಿಸಿ ನೋಡುತ್ತಿದ್ದರು! ನಾನು ಮಾತ್ರ ತೊಂಬತ್ತೆಂಟು, ತೊಂಬತ್ತೊಂಬತ್ತು ಎನ್ನುವಾಗ ಉಸಿರು ಬಿಗಿಹಿಡಿಯುತ್ತಿದ್ದೆ. ನೂರಾದ ಮೇಲೆ ಸ್ಟೌವಿನ ಸದ್ದು ಕೇಳಿದರೆ ಉಸಿರು ಬಿಡುತ್ತಿದ್ದೆ. ದಿನಕ್ಕೆರಡು ಸಲ ಹೀಗಾದರೆ ಮನುಷ್ಯರು ಬದುಕುವುದು ಹೇಗೆ ಹೇಳಿ?

ಇಷ್ಟಕ್ಕೆ ದೊಡ್ಡಪ್ಪನಿಗೆ ತೃಪ್ತಿಯಾಗಲಿಲ್ಲ. ನಾನು ಹೇಳಿದ್ದು ನಿಜವೇ ಎಂದು ಅವರು ಕಣ್ಣಿಂದ ನೋಡಬೇಕಿತ್ತು. ಕುಡಿಯುವ ನೀರಿನ ಎರಡು ದೊಡ್ಡ ಕ್ಯಾನು ತಂದು ಮಹಡಿ ಮೇಲೆ ಇಟ್ಟರು. ಒಂದರಲ್ಲಿ ಹಸಿ ಕಸ, ಇನ್ನೊಂದರಲ್ಲಿ ಡ್ರಮ್ಮಿನಲ್ಲಿ ಒಂದೂವರೆ ತಿಂಗಳು ಉಪಚಾರವಾದ ಕಸ. ಎರಡಕ್ಕೂ ಸ್ವಲ್ಪ ಸಗಣಿ ನೀರು. ಮೊದಲನೆಯದರ ಬಾಯಿಗೆ ಕೆಂಪು ಬಲೂನು, ಎರಡನೆಯದರ ಬಾಯಿಗೆ ಹಳದಿ ಬಲೂನು ಬಿಗಿದರು. ಅಂಗಡಿಯವನು ಯಾರ ಹುಟ್ಟುಹಬ್ಬ ಎಂದು ಕೇಳಿದನಂತೆ.

ದಿನ ಕಳೆದಂತೆ ಕೆಂಪು ಬಲೂನು ತಲೆಯೆತ್ತಿತು. ಆಮೇಲೆ ಊದಿತು. ಹಳದಿ ಬಲೂನು ಮಾತ್ರ ಕ್ಯಾನಿನ ಕುತ್ತಿಗೆಗೆ ಒರಗಿಕೊಂಡು ಮಲಗೇ ಇತ್ತು. ದೊಡ್ಡಪ್ಪ ದಿನಾ ದಾರ ಸುತ್ತಿ ಕೆಂಪು ಬಲೂನಿನ ಸುತ್ತಳತೆ ನೋಡಿದ್ದೇ ನೋಡಿದ್ದು! ಒಂದು ಬೆಳಿಗ್ಗೆ ಬಿಸಿಲು ಬಂತೆಂದು ದೊಡ್ಡಮ್ಮ ಪಕ್ಕದಲ್ಲೇ ಸೀರೆ ಹಾಸಿ ಸಂಡಿಗೆ ಇಟ್ಟರು. ಸಂಡಿಗೆಗೆ ಬಂದ ಕಾಗೆ, ಕೆಂಪಗೆ ಉಬ್ಬಿದ್ದು ಏನೋ ಹಣ್ಣೆಂದುಕೊಂಡು ಕುಕ್ಕಿತು. ಢಬ್! ಮೀಥೇನಿಗೆ ವಾಸನೆಯಿಲ್ಲ, ಆದರೆ ಅದರ ಜೊತೆಗೆ ಬಂದ ಕೊಳೆತ ನಾತಕ್ಕೆ ಕಾಗೆಯೇ ಎರಡು ದಿನ ನಮ್ಮ ಬೀದಿಗೆ ಬರಲಿಲ್ಲ. ದೊಡ್ಡಮ್ಮ ಸಂಡಿಗೆಯನ್ನು ಸೀರೆ ಸಮೇತ ಸುತ್ತಿ ದೊಡ್ಡಪ್ಪನ ಮುಂದೆ ಎಸೆದರು.

"ತಗಳ್ರಿ, ಇದನ್ನೂ ಎಚ್ಚಿ!"

"ಅಳದಿ ನೋಡೇ, ಇನ್ನೂ ಮಲಗೇ ಐತೆ!" ಎಂದರು ದೊಡ್ಡಪ್ಪ, ಪರೀಕ್ಷೆಯಲ್ಲಿ ಮಗ ಪಾಸಾದ ತಂದೆಯ ಹಾಗೆ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ದಿನವೆಲ್ಲ ಲ್ಯಾಬಿನಲ್ಲಿ ನನ್ನ ತಲೆಯೊಳಗೆ ಒಂದೇ ಲೆಕ್ಕ. ಒಂದು ಕ್ಯಾನಿನ ಹಸಿ ಕಸಕ್ಕೆ ಅಷ್ಟು ದೊಡ್ಡ ಬಲೂನು ಉಬ್ಬಿದರೆ, ಒಂದು ಹಳ್ಳದ ಕಸಕ್ಕೆ?

ಆಯುಧಪೂಜೆಯ ಕಥೆ ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ಆ ಹಬ್ಬದ ಮರುದಿನ ಬೊಮ್ಮಸಂದ್ರವನ್ನು ನೋಡಬೇಕು. ಪ್ರತಿ ಕಾರ್ಖಾನೆಯ ಗೇಟಿನ ಮುಂದೆ ಕುಂಕುಮ ತುಂಬಿ ಒಡೆದ ಬೂದುಗುಂಬಳ ಬಿದ್ದಿರುತ್ತವೆ. ಬೈಕುಗಳು ಜಾರುತ್ತವೆ, ದನಗಳು ಮೂಸುತ್ತವೆ. ಇವೆಲ್ಲ ಹಸಿಹಸಿಯಾಗಿ ಯಾವುದೋ ಹಳ್ಳಕ್ಕೆ ಹೋಗುತ್ತವಲ್ಲ ಎಂದು ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. ಮೊಪೆಡ್ಡಿನ ಹಿಂದೆ ಮುಂದೆ ಗೋಣಿಚೀಲ ಕಟ್ಟಿಕೊಂಡು ಹೊರಟೇಬಿಟ್ಟರು. ನಮ್ಮ ಕಾರ್ಖಾನೆಯ ಗೇಟಿಗೂ ಬಂದರು. ಸೆಕ್ಯುರಿಟಿಯವನು ಓಡಿಬಂದು, "ಮೇಡಂ, ಯಾರೋ ಒಬ್ರು ದೃಷ್ಟಿ ತೆಗ್ದಿರೋ ಕುಂಬಳಕಾಯಿ ಎತ್ಕೊಂಡೋಗ್ತಾವ್ರೆ, ಮಾಟ ಮಾಡೋರು ಇರ್ಬೇಕು. ನಿಮ್ಮ ಹೆಸರು ಬೇರೆ ಹೇಳ್ತಾವ್ರೆ!" ಎಂದ.

ಸಂಜೆ ಅಂಗಳದಲ್ಲಿ ಕೆಂಪು ಬಳಿದುಕೊಂಡ ಕುಂಬಳಕಾಯಿಯ ಗುಡ್ಡ. ದೊಡ್ಡಪ್ಪ ಈಳಿಗೆಮಣೆ ಮುಂದೆ ಕೂತಿದ್ದಾರೆ, ದೊಡ್ಡಮ್ಮ ತಲೆಮೇಲೆ ಕೈಹೊತ್ತು ನಿಂತಿದ್ದಾರೆ.

"ಇಡೀ ಬೊಮ್ಮಸಂದ್ರದ ದೃಷ್ಟೀನ ಮೂಟೆ ಕಟ್ಟಿ ಮನೇಗೆ ತಂದ್ರಲ್ರೀ! ಇನ್ನು ನಮ್ಮನೆ ದೃಷ್ಟೀನ ಎಲ್ಲಿ ತೆಗ್ಯಾನ?"

ದೊಡ್ಡಪ್ಪ ಎಂದಿನಂತೆ ಏನಾದರೂ ಕೊಂಕು ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಬಗ್ಗಿಸಿದ ತಲೆ ಎತ್ತದೆ ಹೆಚ್ಚುತ್ತಲೇ ಇದ್ದರು. ದೀಪಾವಳಿಗೆ ಇನ್ನು ಇಪ್ಪತ್ತು ದಿನವಿತ್ತು, ಮಳೆ ಇನ್ನೂ ಬಿಟ್ಟಿರಲಿಲ್ಲ. ಅವತ್ತು ಮಧ್ಯಾಹ್ನವಷ್ಟೇ ಆರನೇ ಕೋಣೆಗೆ ನೀರು ನುಗ್ಗಿತ್ತು.

ಅದರ ಮರುದಿನವೇ ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ದೊಡ್ಡಪ್ಪ ಇದ್ದಕ್ಕಿದ್ದಂತೆ, "ಬಸುರಿ ಎಣ್ಣುಮಗಳು, ಆ ತುದೀಲಿ ಯಾಕೆ? ಇಲ್ಲಿ ಮುಂದಿನ ರೂಮಲ್ಲಿರಲಿ. ನಾನು ಅವಳ ರೂಮಿಗೋಗ್ತೀನಿ" ಎಂದರು.

"ನೀವ್ಯಾಕ್ರೀ ಓಗ್ಬೇಕು?"

"ನಿನ್ನ ಗೊರಕೆ. ಮೂವತ್ತು ವರ್ಷ ತಡ್ಕಂಡೆ. ಇನ್ನಾಗಲ್ಲ."

ದೊಡ್ಡಮ್ಮನ ಮುಖ ಬಿಳುಚಿತು. ಅವರು ಗೊರಕೆ ಹೊಡೆಯುವುದು ನಿಜ. ಶೀಟಿನ ಮೇಲೆ ಮಳೆ ಬಿದ್ದಷ್ಟು ಜೋರಾಗಿಯೇ ಹೊಡೆಯುತ್ತಾರೆ. ಆದರೆ ಅದನ್ನು ಯಾರೂ ಹೀಗೆ ಎಲ್ಲರೆದುರು ಅಂದಿರಲಿಲ್ಲ. ದೊಡ್ಡಪ್ಪ ಒಂದು ಚಾಪೆ, ಒಂದು ದಿಂಬು ಎತ್ತಿಕೊಂಡು ಹೊರಟೇಹೋದರು. ಊರೆಲ್ಲ ಸುದ್ದಿ. ಹಾಲು ಹಾಕುವವಳೂ ಕಿವಿಗೆ ಹತ್ತಿ ಇಟ್ಟುಕೊಳ್ಳಬಾರದಿತ್ತೇ ಎಂದು ನಗುತ್ತಿದ್ದಳು. ದೊಡ್ಡಮ್ಮ ಮಾತು ಬಿಟ್ಟರು. ಊಟದ ತಟ್ಟೆಯನ್ನು ನನ್ನ ಕೈಲಿ ಕಳಿಸುತ್ತಿದ್ದರು. ಮುದ್ದೆ ಮಾತ್ರ ಮೊದಲಿಗಿಂತ ದೊಡ್ಡದಾಗಿರುತ್ತಿತ್ತು.

ಬಸಮ್ಮ ಗಂಡನ ಜೊತೆ ನಮ್ಮ ಮನೆಯ ಮುಂದಿನ ಕೋಣೆಗೆ ಬಂದಳು, ಅಲ್ಲೂ ನೂರು ಎಣಿಸಿಯೇ ಸ್ಟೌ ಹಚ್ಚಿದಳು. ನನಗೆ ಒಂದು ಭಯ ಹೋಗಿ ಇನ್ನೊಂದು ಹತ್ತಿಕೊಂಡಿತು. ಕೆಲಸಕ್ಕೆ ಹೊರಡುವಾಗ ದಿನಾ ಆರನೇ ಕೋಣೆಯ ಹತ್ತಿರ ಹೋಗಿ ಕೇಳುತ್ತಿದ್ದೆ. "ಏನಾದ್ರೂ ಇದೆಯಾ ದೊಡ್ಡಪ್ಪ?"

"ಏನೂ ಇಲ್ಲ ಮಗ. ನೀನು ಅವತ್ತು ಸುಮ್ನೆ ಎದರಿಸ್ದೆ. ಓಗು, ಬಸ್ ಬರ್ತದೆ."

ನಾನು ನಂಬಿ ಹೋಗುತ್ತಿದ್ದೆ. ಬಸ್ ಹತ್ತಿದ ಮೇಲೆ ನಂಬಿಕೆ ಹೋಗುತ್ತಿತ್ತು.

ಕೊನೆಗೆ ತಡೆಯಲಾರದೆ ನಮ್ಮ ಸೇಫ್ಟಿ ಆಫೀಸರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ತೊಟ್ಟಿಗಳೊಳಗೆ ಇಳಿಯುವವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಗ್ಯಾಸ್ ಮೀಟರನ್ನು ಅವರು ಒಂದು ಭಾನುವಾರದ ಮಟ್ಟಿಗೆ ಕೊಟ್ಟರು. ಅಂಗೈ ಅಗಲದ ಹಳದಿ ಪೆಟ್ಟಿಗೆ. ಉರಿಯುವ ಗ್ಯಾಸು ತಗುಲಿದರೆ ಕೂಗುತ್ತದೆ.

ದೀಪಾವಳಿಯ ಹಿಂದಿನ ಭಾನುವಾರ ಅದು. ಬೆಳಗಿನ ಮಳೆ ಆಗಷ್ಟೇ ನಿಂತಿತ್ತು. ಒಂದನೇ ಕೋಣೆಯಿಂದ ಶುರುಮಾಡಿದೆ. ಮೂಲೆಮೂಲೆಗೆ ಹಿಡಿದೆ. ಸೊನ್ನೆ. ಎರಡು, ಮೂರು, ಸೊನ್ನೆ. ನಾನು ಕರೆಂಟಿನ ಕಳ್ಳತನ ಹಿಡಿಯಲು ಬಂದಿದ್ದೇನೆಂದು ತಿಳಿದು ನಾಲ್ಕನೆಯವಳು ನೀರು ಕಾಯಿಸುವ ಕಾಯಿಲನ್ನು ಸೀರೆಯೊಳಗೆ ಬಚ್ಚಿಟ್ಟುಕೊಂಡು ನಿಂತಿದ್ದಳು. ಅಲ್ಲೂ ಸೊನ್ನೆ. ಐದರಲ್ಲೂ ಸೊನ್ನೆ. ಎದೆ ಸ್ವಲ್ಪ ಹಗುರವಾಯಿತು.

ಆರನೇ ಕೋಣೆಯ ಬಾಗಿಲು, ಕಿಟಕಿ ಎರಡೂ ತೆರೆದಿದ್ದವು. ಒಳಗೆ ಹೋಗಿ ನೋಡಿದೆ. ಬಲ್ಬ್ ಇರಲಿಲ್ಲ. ಸ್ವಿಚ್ಚಿನ ಕಿಡಿಯೂ ಬೇಡವೆಂದು ವಯರನ್ನೇ ತೆಗೆಸಿದ್ದರು. ಒಂದು ಚಾಪೆ, ಒಂದು ದಿಂಬು, ಮೂಲೆಯಲ್ಲಿ ಬಿರುಕಿನ ಮೇಲೆ ಒದ್ದೆ ಗೋಣಿಚೀಲ. ಮಳೆಯ ಇರಿಚಲು ಹೊಡೆದು ಚಾಪೆಯ ಅರ್ಧ ನೆನೆದಿತ್ತು. ದೊಡ್ಡಪ್ಪ ನೆನೆಯದ ಅರ್ಧದಲ್ಲಿ ಕೂತಿದ್ದರು. ನನ್ನ ಕೈಯಲ್ಲಿದ್ದುದನ್ನು ನೋಡಿ, "ಬೇಡ ಮಗ" ಎಂದರು.

ನಾನು ಗೋಣಿಚೀಲ ಸರಿಸಿ ಮೀಟರು ಹಿಡಿದೆ.

ಅದು ಕೂಗಿತು. ಕೆಂಪು ದೀಪ ಮಿನುಗಿ, ಕಿವಿ ಗುಯ್ಗುಡುವಂತೆ ಕೂಗಿತು. ಅದನ್ನು ಆರಿಸುವ ಗುಂಡಿ ಎಲ್ಲಿದೆಯೆಂದೇ ನನಗೆ ಮರೆತುಹೋಯಿತು.

"ಆಚೆ ಬನ್ನಿ ದೊಡ್ಡಪ್ಪ, ಮೊದ್ಲು ಆಚೆ ಬನ್ನಿ!"

ಹೊಸ್ತಿಲಾಚೆ ಬಂದು ಕೂತರು. ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಂಗೊತ್ತಿತ್ತು. ಅಬ್ಬದ ಮಾರನೇ ದಿನ ಇಲ್ಲಿ ಮಳೆ ನೀರು ನುಗ್ಗಿತ್ತಲ್ಲ, ಆಗ ಆ ಬಿರುಕಿಂದ ಗುಳ್ಳೆ ಬಂತು. ಒಂದೇ ಸಮ ಬಂತು."

"ಗೊತ್ತಿದ್ದೂ ಇಲ್ಲಿ ಮಲಗ್ತಿದ್ರಾ? ದಿನಾ ನಂಗೆ ಏನೂ ಇಲ್ಲ ಅಂತಿದ್ರಾ?"

"ಇನ್ನೇನ್ ಅನ್ಲಿ? ನೀನು ಬೀಗ ಆಕಿದ್ನಾ ಅಂತ ಮೂರು ಸಲ ವಾಪಸ್ ಬರೋ ಮಗೂ."

"ಖಾಲಿ ಬಿಡಬಹುದಿತ್ತಲ್ಲ!"

"ಖಾಲಿ ಬಿಟ್ರೆ ನಿಮ್ಮ ದೊಡ್ಡಮ್ಮ ಸಂಜೆ ಒಳಗೆ ಇನ್ಯಾರ್ನೋ ತಂದು ಇಟ್ಬಿಡ್ತಾಳೆ. ಬೀಗ ಜಡಿದ್ರೆ ಒಳಗೇ ತುಂಬ್ಕಂತದೆ ಅಂತ ನೀನೇ ಏಳಿದ್ದೆ. ಬಾಗ್ಲು ಕಿಟಕಿ ತೆಕ್ಕಂಡು ಯಾರಾದ್ರೂ ಇರಬೇಕಲ್ಲ ಮಗ. ಅಳ್ಳ ತುಂಬ್ಸಿದೋನು ನಾನು. ಇನ್ಯಾರ್ನ ಇಲ್ಲಿರು ಅನ್ಲಿ?"

ನನಗೆ ಅಳು ಬಂತು. ಇಷ್ಟು ದಿನ ಇವರ ಡ್ರಮ್ಮು, ಬಲೂನು, ಕುಂಬಳಕಾಯಿ ನೋಡಿ ನಕ್ಕಿದ್ದೆವಲ್ಲ! ಒಮ್ಮೆ ಹಸಿ ಕಸವನ್ನು ಮಣ್ಣಿಗೆ ಹಾಕಿದ ಮನುಷ್ಯ, ಇನ್ನೊಂದು ಸಿಪ್ಪೆಯೂ ಹಾಗೆ ಹೋಗಬಾರದೆಂದು ಕೂತು ಕೂತು ಹೆಚ್ಚಿದ್ದರು. ಬಾಯಿಗೆ ಬಂದದ್ದನ್ನು ಕೇಳಿದೆ.

"ಹಂಗಾದ್ರೆ ದೊಡ್ಡಮ್ಮನ ಗೊರಕೆ?"

"ಅವಳ ಗೊರಕೆ ಕೇಳ್ದೆ ನಂಗೆಲ್ಲಿ ನಿದ್ದೆ ಬರ್ತದೆ? ಇಷ್ಟು ದಿನದಿಂದ ಕಣ್ಣು ಮುಚ್ಚಿಲ್ಲ ಕಣಮ್ಮ."

ಹಿಂದೆ ಲೋಟದ ಸದ್ದಾಯಿತು. ಮೀಟರಿನ ಕೂಗಿಗೆ ಓಡಿಬಂದ ದೊಡ್ಡಮ್ಮ, ಕೈಯಲ್ಲಿದ್ದ ಕಾಫಿಯನ್ನು ಕೆಳಗಿಡುವುದನ್ನೂ ಮರೆತು ನಿಂತಿದ್ದರು. ಎಷ್ಟು ಹೊತ್ತಿಂದ ನಿಂತಿದ್ದರೋ. ಕಾಫಿ ಅರ್ಧ ಚೆಲ್ಲಿತ್ತು.

"ಅಂಗಾದ್ರೆ ಬೀಡಿ ಬಿಟ್ಟಿದ್ದೂ ನನ್ನ ಸೋಮವಾರಕ್ಕಲ್ಲ" ಎಂದರು.

ದೊಡ್ಡಮ್ಮ ಲೋಟವನ್ನು ನನ್ನ ಕೈಗಿತ್ತು, ಸರಸರನೆ ಆರನೇ ಕೋಣೆಯೊಳಗೆ ಹೋಗಿ, ದೊಡ್ಡಪ್ಪನ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಹೊರಬಂದರು. "ನಾಳೆ ಬೆಳಿಗ್ಗೇನೇ ಜೆಸಿಬಿ ಕರ್ಸಿ. ಈ ರೂಮು ಕೆಡವಿಸಿ, ಅದೇನೋ ಗಾಳಿ ಓಗೋಕೆ ಪೈಪ್ ಇಕ್ಕೋದಿದ್ರೆ ಇಕ್ಸಿ."

"ಬಾಡಿಗೆ ಬರೋ ರೂಮು ಕಣೇ..." ಎಂದರು ದೊಡ್ಡಪ್ಪ, ಎಷ್ಟೋ ದಿನದ ಮೇಲೆ ಹೆಂಡತಿಯ ಮುಖ ನೋಡುತ್ತ.

"ಬಾಡಿಗೆ ಬೆಂಕಿಗೆ ಬೀಳ್ಲಿ!" ಎಂದರು ದೊಡ್ಡಮ್ಮ. "ನಿಮಗೇನಾದ್ರೂ ಆಗಿದ್ದಿದ್ರೆ, ನಾನು ಯಾರ ಪಕ್ಕದಲ್ಲಿ ಗೊರಕೆ ಒಡೀಬೇಕಿತ್ತು?"